ರೆಪ್ಪೆ ಕಾಣುವಷ್ಟು ಹತ್ತಿರ

ಬೇಟೆಗಾರ ಪಾಲಜ್ಜನ ಗುಡಿಸಲು ಹಳ್ಳದ ದಂಡೆಯ ಮೇಲಿತ್ತು. ಮಾರಕ್ಕ ಅಲ್ಲಿಗೆ ಮೊದಲ ಸಲ ಬಂದಾಗ ಅವಳ ಕೈಯಲ್ಲಿ ಕವಣೆ ಇತ್ತು, ಬಾಯಲ್ಲಿ ಜಂಬ ಇತ್ತು.

ಜಂಬಕ್ಕೆ ಕಾರಣವೂ ಇತ್ತೆನ್ನಿ. ಹತ್ತು ವರ್ಷ ಹೊಲದ ಅಟ್ಟಣೆಯ ಮೇಲೆ ನಿಂತು ಜೋಳದ ತೆನೆ ಕಾದವಳು. ಅವಳ ಕವಣೆಯಿಂದ ಕಲ್ಲು ಹಾರಿತೆಂದರೆ ಅತ್ತ ಒಂದು ಗಿಳಿ ಉರುಳಿತೆಂದೇ ತಿಳಿಯಬೇಕು.

"ಬಿಲ್ವಿದ್ಯೆ ಕಲಿಸು ಅಜ್ಜಾ," ಎಂದಳು. "ಗುರಿ ಕಲಿಸೋದು ಬೇಡ, ಅದು ನನಗೆ ಬರುತ್ತೆ. ನೂರು ಹೆಜ್ಜೆಯಿಂದ ಗಿಳಿ ಕೆಡವ್ತೀನಿ."

ಅಜ್ಜ ಬಾಣಕ್ಕೆ ಗರಿ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಗಿಳಿ ಕಣ್ಣಿನ ಸುತ್ತ ಯಾವ ಬಣ್ಣ ಇರುತ್ತೆ?"

ಮಾರಕ್ಕ ತಡವರಿಸಿದಳು. "ಅಷ್ಟು ದೂರಕ್ಕೆ ಕಣ್ಣೆಲ್ಲಿ ಕಾಣುತ್ತೆ? ಹಸಿರು ಚುಕ್ಕೆ ಕಾಣುತ್ತೆ."

"ಹಂಗಾದ್ರೆ ನೀನು ಇಷ್ಟು ವರ್ಷ ಹೊಡೆದದ್ದು ಚುಕ್ಕೆಗೆ," ಎಂದ ಅಜ್ಜ. "ಕೂತ್ಕೋ."

ಕೂತಳು. ಮೂರು ತಿಂಗಳು ಅಜ್ಜ ಅವಳಿಗೆ ಕಲಿಸಿದ್ದು ಕೂರುವುದನ್ನೇ. ಕೆಮ್ಮಬಾರದು, ಕೆರೆದುಕೊಳ್ಳಬಾರದು, ಇರುವೆ ಕಚ್ಚಿದರೂ ಕೈ ಆಡಿಸಬಾರದು. ಹೊಲ ಕಾಯುವವಳಿಗೆ ಕೂಗಿ, ತಮಟೆ ಬಡಿದು, ಪ್ರಾಣಿಯನ್ನು ದೂರ ಅಟ್ಟುವುದು ಗೊತ್ತು. ಅದರ ಹತ್ತಿರ ಹೋಗುವುದು ಗೊತ್ತಿಲ್ಲ. ಮಾರಕ್ಕನಿಗೆ ಸಿಟ್ಟು ಬರುತ್ತಿತ್ತು. ಆದರೂ ಬೆಳಗಾದರೆ ಬಂದು ಕೂರುತ್ತಿದ್ದಳು.

ಆಮೇಲೆ ಅವಳೇ ಬಿದಿರು ಕಡಿದು ಬಿಲ್ಲು ಕೆತ್ತಿದಳು. ನಾರು ಹೊಸೆದು ಹೆದೆ ಮಾಡಿದಳು. ಅಜ್ಜ ತನ್ನ ಸೊಂಟದಲ್ಲಿದ್ದಂಥದೇ ಒಂದು ಬೂದಿಯ ಚೀಲ ಅವಳ ಸೊಂಟಕ್ಕೂ ಕಟ್ಟಿದ. ಚಿಟಿಕೆ ಬೂದಿಯನ್ನು ಗಾಳಿಗೆ ಬಿಡಬೇಕು. ಅದು ತಿರುಗಿ ಮುಖಕ್ಕೆ ಬಂದರೆ ಮುಂದೆ ಹೋಗಬಹುದು. ಮುಂದಕ್ಕೆ ಹಾರಿದರೆ ಮನೆಗೆ ಹೋಗಿ ಮುದ್ದೆ ತಿರುವುವುದು ವಾಸಿ. ಮನುಷ್ಯರ ವಾಸನೆ ಪ್ರಾಣಿಯ ಮೂಗಿಗೆ ಹೋದ ಮೇಲೆ ಕಾಡಿನಲ್ಲಿ ಬೇಟೆಗಾರನಿಗೇನು ಕೆಲಸ?

"ಯಾವಾಗ ಹೊಡೀಬೇಕು ಅಜ್ಜಾ?"

"ಅದರ ರೆಪ್ಪೆ ಬಡಿಯೋದು ಕಂಡಾಗ. ಕಾಣಲಿಲ್ವೋ, ಬಾಣ ಬತ್ತಳಿಕೆಯಲ್ಲೇ ಇರಲಿ."

"ನಾನು ದೂರದಿಂದ ಹೊಡೆದರೂ ಬೀಳುತ್ತೆ."

"ಬೀಳುತ್ತೆ. ಬಿದ್ದದ್ದು ಯಾರು ಅಂತ ನಿನಗೆ ಗೊತ್ತಿರಲ್ಲ."

ಮಾರಕ್ಕ ಹೂಂ ಎಂದಳು. ಆದರೆ ಕವಣೆ ಬೀಸಿದ ಕೈ, ಅಷ್ಟು ಸುಲಭಕ್ಕೆ ಮಾತು ಕೇಳೀತೇ? ಒಂದು ಬೆಳಿಗ್ಗೆ ಮಡುವಿನ ಆಚೆ ಕಾಡುಹಂದಿಯೊಂದು ನೀರಿಗೆ ಬಂತು. ಐವತ್ತು ಹೆಜ್ಜೆ ದೂರವಿತ್ತು. ಅಜ್ಜ ಹಿಂದೆ ಎಲ್ಲೋ ಇದ್ದ. ಮಾರಕ್ಕ ಬಾಣ ಬಿಟ್ಟಳು. ಹಂದಿ ಆ ಹೊತ್ತಿಗೇ ಒಂದು ಹೆಜ್ಜೆ ಮುಂದಿಟ್ಟಿತು. ಬಾಣ ತೊಡೆಗೆ ನಾಟಿತು. ಹಂದಿ ಕಿರುಚಿಕೊಂಡು ಪೊದೆಗೆ ನುಗ್ಗಿತು.

ಅಜ್ಜ ಬಂದು ನೋಡಿದ. ಬೈಯಲಿಲ್ಲ.

"ನಡಿ," ಎಂದ.

"ಎಲ್ಲಿಗೆ?"

"ಬಾಣ ಹೋದಲ್ಲಿಗೆ."

ಎರಡು ದಿನ ನಡೆದರು. ಎಲೆಯ ಮೇಲಿನ ಒಂದೊಂದು ಹನಿ ರಕ್ತ ಹುಡುಕಿಕೊಂಡು, ಮುಳ್ಳಿನ ಪೊದೆಗಳಲ್ಲಿ ಮೊಣಕಾಲೂರಿ. ಬುತ್ತಿ ಮೊದಲ ದಿನವೇ ಮುಗಿಯಿತು. ಎರಡನೆಯ ದಿನ ಹಂದಿ ಸಿಕ್ಕಿತು. ಬಂಡೆಯ ಮಗ್ಗುಲಲ್ಲಿ ಮಲಗಿತ್ತು, ಜೀವ ಇತ್ತು. ಗಾಯಕ್ಕೆ ನೊಣ ಮುತ್ತಿದ್ದವು.

"ಹತ್ತಿರ ಹೋಗು," ಎಂದ ಅಜ್ಜ.

ಮಾರಕ್ಕ ಹತ್ತಿರ ಹೋದಳು. ಹಂದಿ ಅವಳನ್ನೇ ನೋಡಿ ರೆಪ್ಪೆ ಬಡಿಯಿತು. ಅವಳು ಎರಡನೆಯ ಬಾಣ ಬಿಟ್ಟಳು. ಅಲ್ಲೇ ಕೂತು ಗೋಳೋ ಎಂದು ಅತ್ತಳು.

ಬೇಟೆಯಿಂದ ಬಂದವರನ್ನು ಅಜ್ಜ ಬಾಗಿಲಲ್ಲೇ ಒಂದು ಮಾತು ಕೇಳುತ್ತಿದ್ದ, "ಏನು ತಂದೆ?" ಎಂದು. ಕೈ ಖಾಲಿ ಇದ್ದರೆ ಅವನಿಗೆ ಬೇಸರವಿಲ್ಲ. ಬಾಯಿ ಖಾಲಿ ಇರಬಾರದು. ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ ಹೇಳಬೇಕು. ಹೇಳುವವರೆಗೆ ಅಜ್ಜ ತಾನೂ ಉಣ್ಣುತ್ತಿರಲಿಲ್ಲ.

ಅವತ್ತು ಅವಳ ಹೆಗಲ ಮೇಲೆ ಮಾಂಸದ ಹೊರೆ ಇತ್ತು. ಇಬ್ಬರೂ ಒಟ್ಟಿಗೇ ಬಂದಿದ್ದರು. ಆದರೂ ಅಜ್ಜ ಮುಂದೆ ಹೋಗಿ ಬಾಗಿಲಲ್ಲಿ ಕೂತು ಕೇಳಿದ.

"ಏನು ತಂದೆ?"

"ಎರಡು ದಿನದ ನೋವು ತಂದೆ ಅಜ್ಜಾ. ನನ್ನದಲ್ಲ, ಅದರದ್ದು."

"ಸರಿ. ಕೈ ತೊಳ್ಕೋ."

ಅಲ್ಲಿಂದ ಮುಂದೆ ಮಾರಕ್ಕ ದೂರದಿಂದ ಬಾಣ ಬಿಡಲಿಲ್ಲ.

ಮುಂದಿನ ಎರಡು ವರ್ಷ ಅವಳಿಗೆ ಸಿಕ್ಕ ಬೇಟೆ ಬೆರಳಲ್ಲಿ ಎಣಿಸುವಷ್ಟು. ಹಟ್ಟಿಯ ಹೆಂಗಸರು ನಗುತ್ತಿದ್ದರು. "ಏನೇ ಮಾರಕ್ಕಾ, ಇವತ್ತೂ ಗಾಳಿ ಕುಡ್ಕೊಂಡು ಬಂದ್ಯಾ?" ಎನ್ನುತ್ತಿದ್ದರು. ಅವಳು ತಾನೂ ನಗುತ್ತಿದ್ದಳು. ಹೇಗೆ ಹೇಳುವುದು? ಬೆಳಗಿನ ಮಂಜಿನಲ್ಲಿ ಹುಲ್ಲು ಪಾದಕ್ಕೆ ತಣ್ಣಗೆ ತಾಗುವುದು. ತಾನು ಅಲುಗಾಡದೆ ಕೂತಿದ್ದಕ್ಕೆ ಕಾಡು ತನ್ನನ್ನು ಮರೆತು, ಮುಂಗುಸಿಯೊಂದು ಕಾಲ ಮೇಲೆಯೇ ಹಾದುಹೋದದ್ದು. ಬಾಣ ಹೋದ ಮೇಲೂ ಹೆದೆ ಕಿವಿಯ ಹತ್ತಿರ ಗುಂಯ್‌ಗುಡುವುದು. ಬಿಸಿಲೇರಿದ ಮೇಲೆ ಬಂಡೆಯ ಮೇಲೆ ಕೂತು, ತಂಗಳು ಮುದ್ದೆಗೆ ಹಸಿಮೆಣಸಿನಕಾಯಿ, ಉಪ್ಪು ಕಚ್ಚಿಕೊಂಡು ತಿನ್ನುವುದು. ಆ ಮುದ್ದೆಯ ರುಚಿ ಮನೆಯಲ್ಲಿ ಎಷ್ಟು ತುಪ್ಪ ಸುರಿದರೂ ಬರುತ್ತಿರಲಿಲ್ಲ. ಮಾರಕ್ಕ ಸುಖವಾಗಿದ್ದಳು.

ಅಂಥ ದಿನಗಳಲ್ಲೇ ದೊರೆಯ ಡಂಗುರ ಬಂತು.

ಆ ಸೀಮೆಯ ದೊರೆಗೆ ಹೊಸ ಹುಚ್ಚು ಹಿಡಿದಿತ್ತು. ನೆಂಟರ ಎದುರು ತನ್ನ ನಾಡಿನ ಬಿಲ್ಲುಗಾರರನ್ನು ಮೆರೆಸಬೇಕು. ಬಯಲಿನಲ್ಲಿ ಗೂಟ ಹೊಡೆದು ಜಿಂಕೆ ಕಟ್ಟಿರುತ್ತಾರೆ. ನೂರು ಹೆಜ್ಜೆ ದೂರದಿಂದ ಅದನ್ನು ಕೆಡವಿದವರಷ್ಟೇ ಬೇಟೆಗಾರರು. ಉಳಿದವರು ಬಿಲ್ಲು ಒಪ್ಪಿಸಬೇಕು, ಕಾಡಿಗೆ ಕಾಲಿಡಬಾರದು.

ಪಾಲಜ್ಜನ ಮನೆಗೆ ದೊರೆಯ ಆಳೇ ಬಂದ. ಮಾರಕ್ಕನ ಕವಣೆಯ ಸುದ್ದಿ ಅರಮನೆಯವರೆಗೆ ಹೋಗಿತ್ತು.

"ಅಜ್ಜನಿಗೆ ವಯಸ್ಸಾಯ್ತು. ಅವನ ಪರವಾಗಿಯೂ ನೀನೇ ಹೊಡೀಬೇಕಂತೆ," ಎಂದ. "ಬಿದ್ದರೆ ಎರಡೂ ಬಿಲ್ಲು ನಿಮ್ಮವು. ಬೀಳದಿದ್ದರೆ ಎರಡೂ ಅರಮನೆಗೆ."

ಆಳು ಹೋದ ಮೇಲೆ ಮಾರಕ್ಕ ಗೋಡೆಯ ಕಡೆ ನೋಡಿದಳು. ಅಜ್ಜನ ಬಿಲ್ಲು ಅಲ್ಲಿ ತೂಗುತ್ತಿತ್ತು. ನಲವತ್ತು ವರ್ಷ ಹಿಡಿದು ಹಿಡಿದು ಅದರ ನಡು ಕಪ್ಪಾಗಿ, ನುಣ್ಣಗಾಗಿ, ಅಜ್ಜನ ಅಂಗೈಯದೇ ಆಕಾರಕ್ಕೆ ಬಂದಿತ್ತು.

"ನಾನೇನು ಮಾಡ್ಲಿ ಅಜ್ಜಾ?"

"ನಿನ್ನ ಬಾಣ."

"ನಿನ್ನ ಬಿಲ್ಲು ಹೋಗುತ್ತಲ್ಲ."

"ನನ್ನ ಬಿಲ್ಲು. ನಿನ್ನ ಬಾಣ," ಎಂದು ಅಜ್ಜ ಗರಿ ಕಟ್ಟಲು ಕೂತ. ಎಷ್ಟು ಕೇಳಿದರೂ ಮತ್ತೆ ಬಾಯಿ ಬಿಡಲಿಲ್ಲ. ಮಾರಕ್ಕನಿಗೆ ಆ ಮುದುಕನ ಮೇಲೆ ಇನ್ನಿಲ್ಲದ ಕೋಪ ಬಂತು.

ಮರುದಿನ ಬೆಳಿಗ್ಗೆ ಒಬ್ಬಳೇ ಹೋದಳು.

ಬಯಲಿನ ತುಂಬ ಜನ. ಚಪ್ಪರದ ಕೆಳಗೆ ದೊರೆ, ಪಕ್ಕದಲ್ಲಿ ನೆಂಟರು. ಅವಳಿಗಿಂತ ಮುಂಚೆ ಎಷ್ಟೋ ಜನ ಹೊಡೆದು ತಪ್ಪಿದ್ದರು. ಅವರ ಬಿಲ್ಲುಗಳು ಚಪ್ಪರದ ಮೂಲೆಯಲ್ಲಿ ಸೌದೆಯಂತೆ ಬಿದ್ದಿದ್ದವು. ಗೆರೆಯ ಮೇಲೆ ನಿಂತು ಅವಳು ಹೆದೆ ಎಳೆದಳು. ದೂರದಲ್ಲಿ ಕಂದು ಬಣ್ಣದ ಒಂದು ಚುಕ್ಕೆ.

ಹೊಡೆಯಬಲ್ಲಳು. ಅವಳ ತೋಳಿಗೆ ಅದು ಗೊತ್ತಿತ್ತು. ಬೆರಳು ಸಡಿಲಿಸಿದರೆ ಸಾಕು, ಎರಡು ಬಿಲ್ಲೂ ಉಳಿಯುತ್ತವೆ, ನಾಳೆಯ ಕಾಡೂ ಉಳಿಯುತ್ತದೆ.

ಬೆರಳು ಸಡಿಲವಾಗಲಿಲ್ಲ. ಬಿಲ್ಲು ಇಳಿಸಿ ಗೆರೆ ದಾಟಿ ನಡೆದಳು.

"ಏಯ್, ಗೆರೆ ದಾಟಬಾರದು!" ಎಂದು ಯಾರೋ ಕೂಗಿದರು. ಜನ ನಕ್ಕರು. ಅವಳು ಹೋಗುತ್ತಲೇ ಇದ್ದಳು. ಹನ್ನೆರಡು ಹೆಜ್ಜೆ ಉಳಿದಾಗ ನಿಂತಳು.

ಜಿಂಕೆಯ ರೆಪ್ಪೆ ಕಂಡಿತು. ಉದ್ದನೆಯ ಕಪ್ಪು ರೆಪ್ಪೆ, ಬಡಿಯುತ್ತಿತ್ತು. ಕಿವಿಯ ಹಿಂದೆ ಒಂದು ಉಣ್ಣೆಹುಳ ಕಚ್ಚಿಕೊಂಡಿತ್ತು. ಮುಂಗಾಲಿನಲ್ಲಿ ಹಗ್ಗ ಉಜ್ಜಿ ಚರ್ಮ ಸುಲಿದಿತ್ತು. ಗಾಳಿ ಅವಳ ಬೆನ್ನ ಕಡೆಯಿಂದ ಬೀಸುತ್ತಿತ್ತು. ಅವಳ ವಾಸನೆ ಹತ್ತಿದ ಕೂಡಲೇ ಜಿಂಕೆ ಓಡಲು ನೋಡಿತು. ಹಗ್ಗ ಎಳೆದು ಕೆಡವಿತು.

"ಏನಮ್ಮಾ, ದೂರಕ್ಕೆ ಕಣ್ಣು ಕಾಣ್ಲಿಲ್ವಾ?" ಎಂದು ದೊರೆ ಕೂಗಿದ.

"ಹತ್ತಿರ ಬಂದ ಮೇಲೆ ಕಂಡಿತು ಬುದ್ಧೀ!"

ಮಾರಕ್ಕ ಗೂಟದವರೆಗೂ ಹೋಗಿ, ಸೊಂಟದ ಚೂರಿ ತೆಗೆದು ಹಗ್ಗ ಕೊಯ್ದಳು. ಜಿಂಕೆ ಎರಡು ಸಲ ಎಡವಿ, ಆಮೇಲೆ ಹಾರಿತು. ಜನ ಬಾಯಿ ಮುಚ್ಚುವಷ್ಟರಲ್ಲಿ ಬಯಲು ದಾಟಿ ಹೋಯಿತು.

ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು. ಗೆರೆಯ ಮೇಲೆ ನಿಂತಳು, ತಿರುಗಿದಳು, ಹೆದೆ ಎಳೆದು ಬಿಟ್ಟಳು. ನೂರು ಹೆಜ್ಜೆ ಆಚೆ, ಖಾಲಿ ಗೂಟದ ನಟ್ಟನಡುವೆ ಬಾಣ ನಾಟಿ ನಡುಗಿತು.

"ಗೂಟಕ್ಕೆ ನೂರು ಹೆಜ್ಜೆ ಸಾಕು ಬುದ್ಧೀ," ಎಂದಳು. "ಅದಕ್ಕೆ ರೆಪ್ಪೆ ಇಲ್ಲ."

ನೆಂಟರಲ್ಲೊಬ್ಬರು ಕಿಸಕ್ಕನೆ ನಕ್ಕುಬಿಟ್ಟರು. ದೊರೆಯ ಮುಖ ಕೆಂಪಾಯಿತು.

"ಜಿಂಕೆ ಬೀಳಲಿಲ್ಲ. ಎರಡು ಬಿಲ್ಲೂ ಎಳ್ಕೊಂಡು ಬನ್ನಿ!"

ಅವಳ ಬಿಲ್ಲನ್ನು ಅಲ್ಲೇ ಕಿತ್ತುಕೊಂಡರು. ಇನ್ನೊಂದಕ್ಕಾಗಿ ಅದೇ ಆಳು ಅವಳ ಜೊತೆಯಲ್ಲೇ ಹೊರಟ. ಬಯಲಿನಲ್ಲಿ ಇದ್ದ ಧೈರ್ಯ ದಾರಿಯಲ್ಲಿ ಇಳಿಯುತ್ತ ಬಂತು. ತನ್ನದನ್ನು ಕೊಡಲು ತನಗೆ ಹಕ್ಕಿತ್ತು. ಅಜ್ಜನ ನಲವತ್ತು ವರ್ಷವನ್ನು ಕೊಡಲು ಯಾರು ಹಕ್ಕು ಕೊಟ್ಟರು? ಗುಡಿಸಲು ಕಂಡಾಗ ಮಾರಕ್ಕನ ಕಾಲು ಮುಂದೆ ಬರಲಿಲ್ಲ.

ಅಜ್ಜ ಬಾಗಿಲಲ್ಲೇ ಕೂತಿದ್ದ.

"ಏನು ತಂದೆ?"

"ನಿನ್ನ ಬಿಲ್ಲು ಕಳೆದೆ ಅಜ್ಜಾ."

"ಕಳೆದದ್ದು ಕೇಳ್ಲಿಲ್ಲ. ತಂದದ್ದು ಕೇಳಿದೆ."

ಮಾರಕ್ಕ ಕಣ್ಣೊರೆಸಿಕೊಂಡು ಹೇಳಿದಳು. ರೆಪ್ಪೆಯ ಬಣ್ಣ ಹೇಳಿದಳು. ಉಣ್ಣೆ, ಸುಲಿದ ಕಾಲು, ಬೆನ್ನ ಗಾಳಿ ಎಲ್ಲ ಹೇಳಿದಳು. ಜಿಂಕೆ ಎರಡು ಸಲ ಎಡವಿದ್ದನ್ನೂ ಬಿಡಲಿಲ್ಲ. ಗೂಟದ ಮಾತು ಬಂದಾಗ ಅಜ್ಜ ತೊಡೆ ತಟ್ಟಿಕೊಂಡು ನಕ್ಕ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕ.

ಆಮೇಲೆ ಒಳಗೆ ಹೋಗಿ ಬಿಲ್ಲು ತಂದ. ಹೆದೆ ಬಿಚ್ಚಿ ಮುಂಗೈಗೆ ಸುತ್ತಿಕೊಂಡ. ಕಪ್ಪಾದ ಆ ನಡುವನ್ನು ಒಂದು ಸಲ ಸವರಿ, ಆಳಿನ ಕೈಗೆ ಕೊಟ್ಟ. ಅಜ್ಜನ ಕೈ ಒಂದು ಗಳಿಗೆ ಖಾಲಿ ಗಾಳಿಯಲ್ಲೇ ನಿಂತಿತ್ತು. ಮಾರಕ್ಕ ಅದನ್ನು ನೋಡಿದಳು.

"ಹೆದೆ?" ಎಂದ ಆಳು.

"ದೊರೆ ಕೇಳಿದ್ದು ಬಿಲ್ಲು."

ಹೊತ್ತು ಇಳಿಯುತ್ತಿತ್ತು. ಅಜ್ಜ ಚಿಟಿಕೆ ಬೂದಿ ತೆಗೆದು ಗಾಳಿಗೆ ಬಿಟ್ಟ. ಅದು ತಿರುಗಿ ಅವನ ಬಿಳಿ ಗಡ್ಡಕ್ಕೇ ಬಂತು. ಸೂರಿನಿಂದ ಮಚ್ಚು ಎಳೆದು ಸೊಂಟಕ್ಕೆ ಸಿಕ್ಕಿಸಿದ.

"ನಡಿ ಮಗಾ. ಎದುರು ಗಾಳಿ ಇದೆ."

"ಎಲ್ಲಿಗೆ?" ಎಂದ ಆಳು ಗಾಬರಿಯಿಂದ.

"ಬೇಟೆಗೆ."

"ಬಿಲ್ಲೇ ಇಲ್ವಲ್ಲಜ್ಜಾ!"

"ದಾರೀಲಿ ಬಿದಿರು ಮೆಳೆ ಇದೆ."

ಮಾರಕ್ಕ ಆಗಲೇ ಅಂಗಳಕ್ಕಿಳಿದಿದ್ದಳು. ಅವಳ ಕಾಲಿಗೆ ಈಗ ಭಾರವಿರಲಿಲ್ಲ. ಆಳು ಅಡ್ಡ ಬಂದು ನಿಂತ. ಕೆಟ್ಟವನೇನಲ್ಲ, ನಿಜಕ್ಕೂ ಹೆದರಿದ್ದ.

"ಬೇಡ ಅಜ್ಜಾ, ಹೇಳಿದ್ ಕೇಳು. ಕಾಡಿಗೆ ಕಾಲಿಟ್ಟರೆ ದೊರೆ ಕಾಲು ಮುರಿಸ್ತಾರೆ. ಅವರು ಕೂತಲ್ಲಿಂದ ಒಂದು ಮಾತು ಅಂದ್ರೆ ಸಾಕು."

ಅಜ್ಜ ನಿಂತ. ಆಳಿನ ಹೆಗಲ ಮೇಲೆ ಕೈ ಇಟ್ಟು, ಮೆತ್ತಗೆ ಪಕ್ಕಕ್ಕೆ ಸರಿಸಿದ.

"ಮುರೀಲಿ. ಆದ್ರೆ ಕೂತಲ್ಲಿಂದ ಬೇಡ ಅಂತ ಹೇಳು. ಅವರೇ ಎದ್ದು ಬರ್ಲಿ. ನಮ್ಮ ರೆಪ್ಪೆ ಬಡಿಯೋದು ಕಾಣುವಷ್ಟು ಹತ್ತಿರ ಬಂದು, ಆಮೇಲೆ ಮುರೀಲಿ."