ಬಿಳಿಬನ್ನಿಯ ಅಜ್ಜಾರ ಸರದಿ

೧೯೬೮ನೆಯ ಇಸವಿ ಡಿಸೆಂಬರ್ ಹನ್ನೊಂದು, ಬುಧವಾರ. ಬಿಳಿಬನ್ನಿ ಗ್ರಾಮದಲ್ಲಿ ಅಂದು ಆಕಾಶ ತಿಳಿಯಾಗಿತ್ತು. ಬೆಳಗಿನಿಂದಲೇ ಒಣ ಮೂಡುಗಾಳಿ ಬೀಸುತ್ತಿತ್ತು. ಬಿಸಿಲೇರಿದರೂ ಚಳಿ ಬಿಟ್ಟಿರಲಿಲ್ಲ.

ಬಿಳಿಬನ್ನಿಯ ಮಠ ದೊಡ್ಡದಲ್ಲ. ಮಣ್ಣಿನ ಮಾಳಿಗೆಯ ಒಂದು ಉದ್ದನೆಯ ಪಡಸಾಲೆ, ಅದರ ಮೂಡಲಿಗೆ ದಾಸೋಹದ ಅಡುಗೆಮನೆ, ಹಿಂದೆ ದನದ ಕೊಟ್ಟಿಗೆ. ಕೊಟ್ಟಿಗೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಪೂಜ್ಯ ಶ್ರೀ ಅಡವಯ್ಯ ಸ್ವಾಮಿಗಳು ವಾಸವಾಗಿದ್ದರು. ಸುತ್ತಲಿನ ಊರುಗಳಿಗೆಲ್ಲ ಅವರು ಅಜ್ಜಾರು. ವಯಸ್ಸು ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬೆಳೆದು, ಎದುರಿಗೆ ನಿಂತವರನ್ನು ಅವರು ಧ್ವನಿಯಿಂದ ಗುರುತಿಸುತ್ತಿದ್ದರು. ಆದರೂ ಹೊತ್ತಿಗೆ ಸರಿಯಾಗಿ ಪಂಕ್ತಿಯಲ್ಲಿ ಓಡಾಡಿ, “ಯಾರಿಗರೆ ಇನ್ನೂ ಬೇಕೇನ್ರೆಪ್ಪಾ?” ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಕಡೆಯವರು ಉಂಡು ಕೈ ತೊಳೆದ ಮೇಲೆಯೇ ಅವರು ಪ್ರಸಾದಕ್ಕೆ ಕೂಡುವುದು. ಬಡಿಸುವ ಮನೆಯವರು ಕಡೆಗೆ ಉಣ್ಣಬೇಕೆಂಬುದು ಆ ಮಠದ ನೇಮ.

ಆ ವರ್ಷ ಮಠದಲ್ಲಿ ಮೊದಲ ಬಾರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯ ಶಿಬಿರ ನಡೆಯಿತು. ಬಂದವರು ಡಾಕ್ಟರ್ ಪದ್ಮರಾಜ ಬಲ್ಲಾಳರು. ಮೂಲತಃ ದಕ್ಷಿಣ ಕನ್ನಡದವರು, ಕೈಗುಣಕ್ಕೆ ಹೆಸರಾದವರು. ಆ ಕೈಯ ನಯ ಅವರ ಮಾತಿನಲ್ಲಿ ಇರಲಿಲ್ಲ; ಅವರ ಬೂಟಿನ ಸಪ್ಪಳ ಕೇಳಿದರೆ ಕಾಂಪೌಂಡರ ಬಾಟಲಿಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದ. ಮಠಗಳ ವಿಷಯದಲ್ಲಿ ಅವರಿಗೆ ನಂಬಿಕೆ ಅಷ್ಟಕ್ಕಷ್ಟೆ. ಬಂದ ದಿನ ಅಜ್ಜಾರಿಗೆ ಕೈ ಮುಗಿಯದೆ ನೇರವಾಗಿ ಟಾರ್ಚು ಹಿಡಿದು ಕಣ್ಣು ನೋಡಿದ್ದರು.

“ಬಲಗಣ್ಣಿನ ಪೊರೆ ಹಣ್ಣಾಗಿದೆ ಸ್ವಾಮೀಜಿ. ಈ ಸಲವೇ ತೆಗೆಯಬೇಕು. ತಡಮಾಡಿದರೆ ಒಳಗೇ ಒಡೆದು ಕಣ್ಣು ಹೋಗಬಹುದು.”

“ಆಗಲಿ ತಂದೆ,” ಎಂದರು ಅಜ್ಜಾರು. “ಮೊದಲ ಬಂದವರದು ಆಗಲಿ. ನಮ್ಮದು ಕಡೀಕ.”

ಹಾಗೆ ಶಿಬಿರದ ಕೊನೆಯ ದಿನದ ಕೊನೆಯ ಹೆಸರು ಅವರದಾಯಿತು.

ಆ ಕಾಲದ ಪೊರೆ ಶಸ್ತ್ರಚಿಕಿತ್ಸೆ ಈಗಿನಂತೆ ಇರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಹೊರಳುವಂತಿಲ್ಲ, ಸೀನುವಂತಿಲ್ಲ. ಒಂದು ಗಟ್ಟಿ ಕೆಮ್ಮು ಬಂದರೆ ಗಾಯ ಬಿಚ್ಚಿ ಕಣ್ಣೇ ಹೋಗುವ ಭಯ. ಆದ್ದರಿಂದ ಶಿಬಿರ ಮುಗಿಯುವವರೆಗೆ ಮಠದಲ್ಲಿ ಒಗ್ಗರಣೆ ಕೂಡದು, ಮೆಣಸಿನಕಾಯಿ ಹುರಿಯಕೂಡದು ಎಂದು ಡಾಕ್ಟರು ಆಜ್ಞೆ ಮಾಡಿದ್ದರು. ಎಲ್ಲರಿಗೂ ನುಚ್ಚು, ಮಜ್ಜಿಗೆ, ಸಪ್ಪೆ ಬೇಳೆ. ಪಡಸಾಲೆಯ ಮತ್ತು ಅಡುಗೆಯ ಉಸ್ತುವಾರಿ ಸಿಸ್ಟರ್ ಸುವಾರ್ತಮ್ಮನವರದು. ಗದಗಿನ ಕ್ರೈಸ್ತ ಮನೆತನದ ಹೆಣ್ಣುಮಗಳು, ಮಿತಭಾಷಿ.

ಮಲಗಿದವರಲ್ಲಿ ತಂಗೆವ್ವ ಒಬ್ಬಳೇ ಮಾತಿನವಳು. ಕೌದಿ ಹೊಲಿದು ಬದುಕುವ ವಿಧವೆ. ಸೂಜಿಗೆ ದಾರ ಪೋಣಿಸಲಾಗದೆ ಕೆಲಸ ನಿಂತುಹೋಗಿತ್ತು.

“ಕಣ್ಣ ಮಾಡಸ್ಕೋಳಾಕ ಬಂದ್ರ ಬಾಯಿನೂ ಕಟ್ಟೀರಲ್ಲವಾ ಸುವಾರ್ತಿ,” ಎಂದು ತುಟಿ ಅಲುಗಿಸದೆ ಗೊಣಗುವಳು.

“ಸುಮ್ಮಕ ಮಲಗ ಅವ್ವಾ. ಪಟ್ಟಿ ಬಿಚ್ಚಿದ ಮ್ಯಾಲ ಎಷ್ಟರೆ ಬೈಯಾಕಿ ಅಂತ.”

“ಬೈತೀನಿ ತಡಿ. ಮಾರಿ ನೋಡಿ ಬೈತೀನಿ.”

ಆ ಬುಧವಾರ ಮಧ್ಯಾಹ್ನ, ಡಾಕ್ಟರು ಒಳಕೋಣೆಯಲ್ಲಿ ಒಬ್ಬರ ಕಣ್ಣು ಮುಗಿಸಿ ಕೈ ತೊಳೆಯುತ್ತಿದ್ದಾಗ, ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಮತ್ತೊಬ್ಬರು ಕೆಮ್ಮಿದರು. ಮೂಡುಗಾಳಿ ಅಡುಗೆಮನೆಯಿಂದ ಹುರಿದ ಮೆಣಸಿನಕಾಯಿಯ ಘಾಟನ್ನು ಹೊತ್ತು ಪಡಸಾಲೆಯ ತುಂಬ ಸುರಿದಿತ್ತು. ಸುವಾರ್ತಮ್ಮನವರು ಓಡಿ ಬಾಗಿಲು ಮುಚ್ಚಿದರು, ಒಬ್ಬೊಬ್ಬರ ಎದೆ ಒತ್ತಿ ಹಿಡಿದರು, ಮೂಗಿಗೆ ಒದ್ದೆ ಬಟ್ಟೆ ಇಟ್ಟರು. ಉಳಿದವರು ಹೇಗೋ ಪಾರಾದರು. ತಂಗೆವ್ವನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಡಾಕ್ಟರು ಬಂದು ಪಟ್ಟಿ ಸರಿಸಿ ನೋಡಿದಾಗ ಗಾಯ ಬಿಚ್ಚಿ ಕಣ್ಣಿನೊಳಗಿನ ತಿಳಿ ಹೊರಬಂದಿತ್ತು. ಆ ಕಣ್ಣು ಇನ್ನು ಇಲ್ಲ.

ಬಲ್ಲಾಳರ ಸಿಟ್ಟು ನೆತ್ತಿಗೇರಿತು. ಎಲ್ಲರೆದುರಿಗೇ ಕೂಗಿದರು.

“ಸಿಸ್ಟರ್! ಅಡುಗೆಮನೆ ಯಾರ ಜವಾಬ್ದಾರಿ?”

“ನನ್ನದು ಸರ್.”

“ಹಾಗಾದರೆ ಈ ಕಣ್ಣು ತೆಗೆದವರೂ ನೀವೇ. ನಾಳೆ ಮೊದಲ ಬಸ್ಸಿಗೆ ಹೊರಡಿ. ನಿಮ್ಮ ಕೆಲಸ ಉಳಿಯದ ಹಾಗೆ ನಾನು ಬರೆಯುತ್ತೇನೆ.”

ಸುವಾರ್ತಮ್ಮನವರು ತಲೆ ತಗ್ಗಿಸಿ ನಿಂತರು. ಅವರ ಸಂಬಳದಲ್ಲಿ ತಾಯಿ ಮತ್ತು ಇಬ್ಬರು ತಂಗಿಯರು ಉಣ್ಣುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಗೋಡೆ ಸವರುತ್ತ ಅಜ್ಜಾರು ಬಂದರು. ತಂಗೆವ್ವನ ತಲೆದೆಸೆಯಲ್ಲಿ ನೆಲದ ಮೇಲೆ ಕೂತು, ಅವಳ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

“ಒಲಿ ಮಠದ್ದು, ಹೊಗಿ ಮಠದ್ದು,” ಎಂದರು. “ಈ ಕಣ್ಣಿನ ಭಾರ ನಮ್ಮ ಮ್ಯಾಲ ಇರಲಿ, ಡಾಕ್ಟರ. ಈ ತಾಯೀನ್ನ ಕಳಸಬ್ಯಾಡ್ರಿ. ನಿಮ್ಮ ಕೈ ಕಾಯ್ಕೊಂಡು ಇನ್ನೂ ಭಾಳ ಮಂದಿ ಕುಂತಾರ. ನಡೀರಿ, ಅವರನ್ನ ನೋಡ್ರಿ.”

ಧ್ವನಿ ಏರಲಿಲ್ಲ. ಬಲ್ಲಾಳರು ತಂಗೆವ್ವನ ಪಟ್ಟಿ ಮತ್ತೆ ಕಟ್ಟಿದರು. ಒಳಗೆ ಹೋಗಿ ಕೈ ತೊಳೆದರು. ಭಾರ ಹೊರುತ್ತಾರಂತೆ, ಎಂದುಕೊಂಡರು. ಮಠಗಳು ಭಾರ ಇಳಿಸುವುದು ಒಂದು ಶಾಲು, ಒಂದು ತೆಂಗಿನಕಾಯಿಯಲ್ಲಿ. ಆದರೆ ಆ ಸಂಜೆಯವರೆಗೂ, ಮರುದಿನವೂ, ಅವರ ಕೈ ಒಂದು ಕೂದಲೆಳೆಯಷ್ಟು ತಪ್ಪಲಿಲ್ಲ. ಸುವಾರ್ತಮ್ಮನವರು ಪಕ್ಕದಲ್ಲಿ ನಿಂತು ಒಂದೊಂದೇ ಉಪಕರಣ ಕೊಟ್ಟರು.

ಕೊನೆಯ ದಿನ ಕೊನೆಯ ಹೆಸರು ಕರೆದಾಗ ಅಜ್ಜಾರು ತಂಗೆವ್ವನ ಬಳಿಯಿಂದ ಏಳಲಿಲ್ಲ.

“ನಮಗ ಇನ್ನೂ ಸರದಿ ಬಂದಿಲ್ಲ ತಂದೆ.”

“ಪಟ್ಟಿಯಲ್ಲಿ ಇನ್ನು ಉಳಿದವರು ನೀವೊಬ್ಬರೇ.”

“ಪಟ್ಟಿ ನಿಮ್ಮದು. ಸರದಿ ನಮಗ ಗೊತ್ತೈತಿ.”

ಬಲ್ಲಾಳರು ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲಿಲ್ಲ. ಜೀಪು ಊರು ದಾಟಿದ ಮೇಲೆ ಕಾಂಪೌಂಡರನಿಗೆ ನಗುತ್ತ ಅಂದರು: “ನೋಡಿದೆಯಾ? ಒಂದು ಕಣ್ಣು ಹೋದದ್ದು ಕಂಡು ಸ್ವಾಮಿಗಳು ಹೆದರಿದರು. ಖಾವಿ ಉಟ್ಟರೂ ಕಣ್ಣು ಕಣ್ಣೇ.”

ಆ ಬೇಸಿಗೆಯಲ್ಲಿ ಅವರಿಗೆ ಬಳ್ಳಾರಿಗೆ ವರ್ಗವಾಯಿತು. ಬಿಳಿಬನ್ನಿಯ ಶಿಬಿರ ಪ್ರತಿ ಚಳಿಗಾಲ ನಡೆಯುತ್ತಲೇ ಇತ್ತು; ಬೇರೆ ಬೇರೆ ವೈದ್ಯರು ಬಂದು ಹೋದರು. ಬಲ್ಲಾಳರು ಮತ್ತೆ ಆ ಪಡಸಾಲೆಯನ್ನು ಮೆಟ್ಟಿದ್ದು ನಾಲ್ಕು ವರ್ಷಗಳ ಮೇಲೆ.

ಈ ಸಲ ಅವರಿಗೆ ಮೊದಲು ಬೆರಗಾದದ್ದು ಅಲ್ಲಿನ ಸದ್ದಿಲ್ಲದ ಕೆಲಸ. ಯಾರೂ ಯಾರನ್ನೂ ಗದರುತ್ತಿರಲಿಲ್ಲ. ಶಿಬಿರದ ಹೊಣೆಯೆಲ್ಲ ಈಗ ಅಲ್ಲೇ ನೆಲೆಸಿದ್ದ ಸುವಾರ್ತಮ್ಮನವರದು. ದಿನ ಬೆಳಗಾದರೆ ಅವರು ಮೊದಲು ಹೋಗುತ್ತಿದ್ದುದು ಅಡುಗೆಮನೆಗೆ. ಅಡುಗೆಯ ರಾಚಯ್ಯನ ಜೊತೆ ಕೂತು ಅದೇ ಸಪ್ಪೆ ನುಚ್ಚು ಉಂಡು ಬರುತ್ತಿದ್ದರು. ಸ್ವಯಂಸೇವಕರು, ಗಾಯ ಕಟ್ಟುವ ಡ್ರೆಸ್ಸರುಗಳು, ಕಡೆಗೆ ಜೀಪಿನ ಡ್ರೈವರನೂ ಅದನ್ನೇ ಉಣ್ಣುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಬಚ್ಚಿಡುತ್ತಿರಲಿಲ್ಲ, ತಾವಾಗಿ ಬಂದು ಹೇಳುತ್ತಿದ್ದರು. ಬಲ್ಲಾಳರ ಆಸ್ಪತ್ರೆಯಲ್ಲಿ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ತಂಗೆವ್ವ ಬಂದಳು. ಅವಳನ್ನು ಅಜ್ಜಾರು ಕರೆತಂದರೋ, ಅಜ್ಜಾರನ್ನು ಅವಳು ಕರೆತಂದಳೋ ತಿಳಿಯುವಂತಿರಲಿಲ್ಲ. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಹೊಸ್ತಿಲು ದಾಟಿದರು.

“ಡಾಕ್ಟರ ಸಾಹೇಬ್ರೇನು?” ಎಂದಳು ತಂಗೆವ್ವ. “ನಿಮ್ಮ ದನಿ ಮರ್ತಿಲ್ರಿ. ಹೋದ ಸಲ ಒಂದು ಇಸ್ಕೊಂಡ್ರಿ. ಈ ಸಲ ಒಂದು ಕೊಟ್ಟು ಹೋಗ್ರಿ.”

ಬಲ್ಲಾಳರು ಅವಳ ಉಳಿದ ಕಣ್ಣಿನ ಪೊರೆ ತೆಗೆದರು. ಕೆಲಸ ಹೂವೆತ್ತಿದ ಹಾಗೆ ಆಯಿತು. ಅವಳನ್ನು ಪಡಸಾಲೆಗೆ ಸಾಗಿಸಿದ ಮೇಲೆ ಬಾಗಿಲಲ್ಲಿ ಅಜ್ಜಾರ ಧ್ವನಿ ಕೇಳಿಸಿತು.

“ಈಗ ನಮ್ಮ ಸರದಿ ಬಂತು ತಂದೆ. ಕೂಡಲೇನು?”

ಬಲ್ಲಾಳರು ಟಾರ್ಚು ತೆಗೆದುಕೊಂಡು ಬಲಗಣ್ಣಿಗೆ ಹಿಡಿದರು. ಹತ್ತಿರ ತಂದರು, ಇನ್ನೂ ಹತ್ತಿರ ತಂದರು. “ಬೆಳಕು ಯಾವ ಕಡೆಯಿಂದ ಬರುತ್ತಿದೆ ಹೇಳಿ ಸ್ವಾಮೀಜಿ.”

ಅಜ್ಜಾರು ಸ್ವಲ್ಪ ಹೊತ್ತು ಕಾದರು. ಆಮೇಲೆ ಕೇಳಿದರು: “ಬೆಳಕು ಹಚ್ಚೀರೇನು?”

ಪೊರೆ ಒಳಗೇ ಒಡೆದು, ಒತ್ತಡ ಏರಿ, ನರ ಸತ್ತುಹೋಗಿತ್ತು. ಬಲ್ಲಾಳರು ಟಾರ್ಚು ಆರಿಸಿದರು.

“ಈ ಕಣ್ಣು ಹೋಗಿದೆ. ನಾನು ಅಂದೇ ಹೇಳಿದ್ದೆ. ನಾಲ್ಕು ವರ್ಷ! ಇಷ್ಟೇಕೆ ಹೆದರಿಕೆ ನಿಮಗೆ?”

ಪಕ್ಕದಲ್ಲಿದ್ದ ಸುವಾರ್ತಮ್ಮನವರು ತಟ್ಟನೆ ತಲೆಯೆತ್ತಿದರು. ಅಜ್ಜಾರು ಮಾತ್ರ ನಕ್ಕು, “ಎಡಗಣ್ಣು ಐತೆಲ್ಲ. ಅದರಾಗ ಎಷ್ಟು ಬರತೈತಿ ಅಷ್ಟು ಸಾಕು,” ಎಂದರು.

ಎಡಗಣ್ಣಿನ ಪೊರೆ ಸುಲಭವಾಗಿ ಬಂತು. ಅವರ ನಂತರವೂ ಕೆಲವರಿದ್ದರು. ಎಲ್ಲ ಮುಗಿದು, ಕೊನೆಯವರ ಪಟ್ಟಿ ಕಟ್ಟಿದಾಗ ಹೊತ್ತು ಇಳಿದಿತ್ತು. ಬಲ್ಲಾಳರು ಅಡುಗೆಮನೆಯ ಕಟ್ಟೆಯ ಮೇಲೆ ಕೂತರು. ರಾಚಯ್ಯ ನುಚ್ಚು, ಮಜ್ಜಿಗೆ ತಂದಿಟ್ಟು ಅವರ ಮುಖ ನೋಡದೆ ಒಳಗೆ ಹೋದ.

“ಇವನೇಕೆ ನನ್ನನ್ನು ಕಂಡರೆ ಹೀಗೆ ತಪ್ಪಿಸಿಕೊಳ್ಳುತ್ತಾನೆ?” ಎಂದು ಕೇಳಿದರು.

ಸುವಾರ್ತಮ್ಮನವರು ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ನಿಂತರು.

“ಇವತ್ತಿನ ಕೆಲಸ ಎಲ್ಲಾ ಮುಗೀತಲ್ಲರಿ ಸರ್? ನಾಳೆ ಯಾರಿಗೂ ಕೈ ಹಚ್ಚೂದಿಲ್ಲಲ್ಲ?”

“ಇಲ್ಲ. ಏಕೆ?”

“ಹಂಗಾರ ಹೇಳ್ತೀನಿ. ಆ ವರ್ಷ ಬಂದ ದಿನ ರಾತ್ರಿ ಊಟಕ್ಕ ಕುಂತಾಗ ನೀವು ರಾಚಯ್ಯಗ ಒಂದು ಮಾತು ಅಂದಿದ್ರಿ, ನೆನಪೈತೇನ್ರಿ? ‘ಏನಯ್ಯ, ನಿಮ್ಮ ಮಠದಲ್ಲಿ ಮೆಣಸಿನಕಾಯಿಗೂ ಬರಗಾಲವೋ?’ ಅಂತ.”

ಬಲ್ಲಾಳರಿಗೆ ನೆನಪಿರಲಿಲ್ಲ. ತಮಾಷೆಗೆ ಅಂದಿರಬಹುದು.

“ರಾಚಯ್ಯಗ ಅದು ತಮಾಷಿ ಅನಿಸಲಿಲ್ಲರಿ. ಊರ ಮಂದಿಗೆ ಕಣ್ಣು ಕೊಡಾಕ ಬಂದ ದೊಡ್ಡವರು ನಮ್ಮ ಮನ್ಯಾಗ ಬಾಯಿ ಕೆಟ್ಟು ಉಂಡ್ರಲ್ಲ ಅಂತ ರಾತ್ರಿಯೆಲ್ಲಾ ಕೊರಗಿದಾನ. ಮರುದಿನ ಮಧ್ಯಾಹ್ನ ನಾ ಪಡಸಾಲಿಯೊಳಗಿದ್ದಾಗ, ನಿಮ್ಮ ಒಬ್ಬರ ತಾಟಿಗೆ ಅಂತ ಒಂದು ಹಿಡಿ ಮೆಣಸಿನಕಾಯಿ ಹುರಿದ.”

ಬಲ್ಲಾಳರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು.

“ಅಂವ ಅಳಕೋತ ಮೊದಲ ಅಜ್ಜಾರಿಗೆ ಹೇಳಿದ. ನನಗ ಸಂಜಿಗೆ ಗೊತ್ತಾತು. ನಾ ನಿಮ್ಮ ಕಡೆ ಬರಬೇಕಂದ್ರ ಅಜ್ಜಾರು ತಡದ್ರು. ‘ಈಗ ಹೇಳಿದ್ರ ಆ ಕೈ ನಡುಗತೈತಿ ಮಗಳ. ನಾಳೆ ಆ ಕೈಯಾಗ ಇನ್ನೂ ಎಷ್ಟೋ ಕಣ್ಣು ಅದಾವ. ಕೆಲಸ ಮುಗಿಯೂತನಕ ಹೊಟ್ಯಾಗ ಇಟ್ಕೋ’ ಅಂದ್ರು. ಕೆಲಸ ಮುಗೀತು, ನೀವು ಜೀಪು ಹತ್ತಿದ್ರಿ.”

ಬಲ್ಲಾಳರು ತಾಟನ್ನು ಪಕ್ಕಕ್ಕೆ ಸರಿಸಿದರು. ಎಲ್ಲರೆದುರು ಈಕೆಯನ್ನು ಕೂಗಿ ಬೈದ ತಮ್ಮ ಧ್ವನಿ ಅವರಿಗೆ ಈಗ ಕೇಳಿಸುತ್ತಿತ್ತು. ಕಡೆಗೆ ಎದ್ದು ನಿಂತರು. ಆ ಮನುಷ್ಯ ತಮ್ಮ ಕೈಕೆಳಗಿನವರೊಬ್ಬರಿಗೆ ಕೈ ಮುಗಿದದ್ದು ಅದೇ ಮೊದಲು.

“ತಪ್ಪಾಯಿತು ತಾಯಿ. ತಂಗೆವ್ವನ ಹತ್ತಿರ ಹೋಗಿ ನಾನೇ ಹೇಳುತ್ತೇನೆ. ಆ ಕಣ್ಣಿನ ಋಣ ನನ್ನದು, ಮಠದ್ದಲ್ಲ. ಏನು ಕೊಡಬೇಕೋ ನಾನು ಕೊಡುತ್ತೇನೆ.”

“ಅದು ಮುಟ್ಟೇತ್ರಿ ಸರ್,” ಎಂದರು ಸುವಾರ್ತಮ್ಮನವರು.

“ಏನು ಮುಟ್ಟಿತು? ಜೋಳವೇ? ಬಟ್ಟೆಯೇ?”

“ಅವನ್ನೂ ಕೊಟ್ಟಾರ. ಆದ್ರ ಅದಲ್ಲರಿ.” ಅವರು ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದರು. “ಆಕಿ ಹೆದರಿ ಇನ್ನೊಂದು ಕಣ್ಣು ಮುಟ್ಟಗೊಡಲಿಲ್ಲ. ಪ್ರತಿ ವರ್ಷ ಶಿಬಿರ ಬಂದಾಗ ನಾ ಅಜ್ಜಾರ ಕಾಲು ಹಿಡದು ಕೇಳೀನಿ, ನಿಮ್ಮದರೆ ಮಾಡಸ್ಕೋರಿ ಅಂತ. ‘ಪಂಕ್ತಿಯೊಳಗ ಒಬ್ಬಾಕಿ ಉಪಾಸ ಎದ್ದು ಹೋಗ್ಯಾಳ. ಮನಿಯವರು ನಾವು ಹ್ಯಾಂಗ ಎಲಿ ಮುಂದ ಕೂಡೂದು?’ ಅಂದ್ರು. ಹಂಗಾರ ಆಕಿಗರೆ ಹೇಳ್ತೀನಿ ಅಂದೆ. ‘ಹೇಳಿದ್ರ ಒತ್ತಾಯ ಆಕ್ಕತಿ. ಆಕಿ ತನ್ನ ಧೈರ್ಯದಾಗ ಬರಲಿ’ ಅಂದ್ರು. ನಾ ವಾರಕ್ಕೊಮ್ಮೆ ಆಕಿ ಮನಿಗೆ ಹೋಗಿ ಸೂಜಿ ಪೋಣಿಸಿ ಕೊಟ್ಟು ಬರ್ತಿದ್ದೆ. ಕಣ್ಣಿನ ಮಾತು ಎತ್ತಲಿಲ್ಲ. ಈ ಸಲ ತಾನಾಗೇ ಬರ್ತೀನಿ ಅಂದ್ಲು.”

“ಮತ್ತೆ ಸ್ವಾಮಿಗಳ ಕಣ್ಣು?”

“ಹೋದ ಶ್ರಾವಣದಾಗ ಒಡೀತ್ರಿ. ನೋವಿಗೆ ತಲಿಗೆ ಅರಿವಿ ಬಿಗದು ಕಟ್ಕೊಂಡು ಗ್ವಾಡಿಗೆ ಒರಗಿ ಕುಂತಿದ್ರು. ಬಿಜಾಪುರಕ್ಕ ಹೋಗೂನು ಬರ್ರಿ ಅಂತ ನಾ ಅತ್ತೆ. ‘ಎಲ್ಲಾರೂ ಉಂಡಿಲ್ಲ ಮಗಳ’ ಅಂದ್ರು. ಆಕಿಗೆ ಇವತ್ತಿಗೂ ಗೊತ್ತಿಲ್ಲ.”

ಬಲ್ಲಾಳರು ಬೂಟು ಕಳಚಿಟ್ಟು ಪಡಸಾಲೆಗೆ ನಡೆದರು. ಅಜ್ಜಾರು ಮರಳಿನ ಚೀಲಗಳ ನಡುವೆ ತಲೆ ಇಟ್ಟು ಅಂಗಾತ ಮಲಗಿದ್ದರು. ಅವರ ಕೈ ಹಿಡಿದು ಕೂತಿದ್ದ ಸ್ವಯಂಸೇವಕನನ್ನು ಎಬ್ಬಿಸಿ, ಡಾಕ್ಟರು ಆ ಜಾಗದಲ್ಲಿ ನೆಲದ ಮೇಲೆ ಕೂತರು. ಅಜ್ಜಾರ ಎಡಗಣ್ಣಿಗೆ ಬಿಳಿಯ ಪಟ್ಟಿ ಇತ್ತು. ಬಲಗಣ್ಣಿಗೆ ಏನೂ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವಿಲ್ಲವೆಂದು ಬಲ್ಲಾಳರೇ ಹೇಳಿದ್ದರು.