ಊರಿಗೆ ಊರೇ ಓಟು ಹಾಕಿದ ವಕೀಲ

"ಗುರುಗಳೇ, ಒಬ್ಬ ಮನುಷ್ಯ ಎಲ್ಲರಿಗೂ ಬೇಕಾದವನು ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಕೇಳಿದ್ದು ಸುಮ್ಮನೆ ಅಲ್ಲ. ದೂರದ ಶಾಖಾಮಠಕ್ಕೆ ಮುಖ್ಯಸ್ಥನಾಗಿ ಯಾರು ಹೋಗಬೇಕೆಂದು ಹಿಂದಿನ ದಿನವಷ್ಟೇ ಮಠದವರೆಲ್ಲ ಸೇರಿ ಕೈ ಎತ್ತಿ ಆರಿಸಿದ್ದರು. ಎತ್ತಿದ ಕೈಗಳೆಲ್ಲ ಈ ಶಿಷ್ಯನಿಗೇ. ಒಂದು ಕೈಯೂ ಕೆಳಗಿರಲಿಲ್ಲ. ಅಡುಗೆಯವನ ಸಾರಿನಿಂದ ಹಿಡಿದು ಗುರುಗಳ ಪ್ರವಚನದವರೆಗೆ ಎಲ್ಲದರಲ್ಲೂ ತಪ್ಪು ಹುಡುಕುವ ತನ್ನ ಬುದ್ಧಿಯನ್ನು ಜನ ಕೊನೆಗೂ ಮೆಚ್ಚಿದರಲ್ಲ ಎಂದು ಅವನು ಉಬ್ಬಿಹೋಗಿದ್ದ.

ಗುರುಗಳು ಕಾಲು ನೀಡಿ ಕೂತು ಹೇಳತೊಡಗಿದರು.

"ಯುರೋಪಿನಲ್ಲಿ ಒಂದು ಪುಟ್ಟ ದೇಶ. ಎಷ್ಟು ಪುಟ್ಟದೆಂದರೆ, ನಾನು ಅಲ್ಲಿ ಒಮ್ಮೆ ಸೀನಿದಾಗ ಅಕ್ಕಪಕ್ಕದ ದೇಶದವರೂ 'ನೂರು ವರ್ಷ ಬಾಳಪ್ಪ' ಎಂದರು. ಅಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಮೊದಲು ನನ್ನನ್ನೇ ನಿಲ್ಲಿ ಎಂದು ಕಾಲು ಹಿಡಿದರು. ಆ ಚಳಿಗೆ ಈ ಕಾವಿ ಬಟ್ಟೆ ಸಾಲದು, ಬೇಡವೆಂದೆ. ಆಮೇಲೆ ನಿಂತವರು ಇಬ್ಬರು. ಒಬ್ಬ ಬೇಕರಿಯವನು, ಇನ್ನೊಬ್ಬ ವಕೀಲ.

ಅಲ್ಲಿ ಒಂದು ಕಟ್ಟಳೆ ಇತ್ತು. ಅಧ್ಯಕ್ಷನಾದವನು ಏಳು ವರ್ಷ ಬೆಟ್ಟದಾಚೆಯ ರಾಜಧಾನಿಯಲ್ಲೇ ಇರಬೇಕು, ತನ್ನೂರಿಗೆ ಕಾಲಿಡುವಂತಿಲ್ಲ. ಕಾಲಿಟ್ಟರೆ ತನ್ನವರಿಗೇ ಎಲ್ಲ ಮಾಡಿಕೊಟ್ಟಾನು ಎಂಬ ಭಯ.

ಹಿಮ ಬಿದ್ದು ದಾರಿ ಮುಚ್ಚಿದ ಊರುಗಳಲ್ಲೂ ಜನ ಬಿಸಿ ಬ್ರೆಡ್ಡು ತಿನ್ನಬೇಕು ಎಂಬುದು ಬೇಕರಿಯವನ ಆಸೆ. ತನ್ನೂರಿನ ಓಟು ಎಲ್ಲಿಗೆ ಹೋದಾವು ಎಂದುಕೊಂಡು ಅವನು ಪರವೂರುಗಳಲ್ಲೇ ಓಡಾಡಿದ. ವಕೀಲನೋ, ತನ್ನೂರಿನವರೆಲ್ಲರ ಮೇಲೂ ದಾವೆ ಹಾಕಿದ್ದವನು. ಪಕ್ಕದ ಮನೆಯ ಮರದ ನೆರಳು ತನ್ನ ಅಂಗಳಕ್ಕೆ ಬಿತ್ತೆಂದು ಒಂದು ದಾವೆ, ಹೊತ್ತಿಗೆ ಮುಂಚೆ ಕೂಗಿತೆಂದು ಹುಂಜದ ಮೇಲೇ ಇನ್ನೊಂದು. ಆ ಹುಂಜ ಕೋರ್ಟಿಗೆ ಹಾಜರಾದದ್ದನ್ನು ಈ ಕಣ್ಣಿಂದಲೇ ನೋಡಿದ್ದೇನೆ.

ಓಟು ಎಣಿಸಿದರು. ಬೇರೆ ಊರುಗಳಲ್ಲಿ ಇಬ್ಬರೂ ಸರಿಸಮ. ವಕೀಲನ ಊರಿನಲ್ಲಿ ಒಂದೂ ತಪ್ಪದೆ ಎಲ್ಲವೂ ವಕೀಲನಿಗೆ. ಏಳಲಾಗದವರನ್ನು ಮಂಚದ ಸಮೇತ ಹೊತ್ತು ತಂದಿದ್ದರಂತೆ. ಬೇಕರಿಯವನ ಊರಿನಲ್ಲಿ ಬೇಕರಿಯವನಿಗೆ ಒಂದೂ ಇಲ್ಲ. ಆ ದೇಶದಲ್ಲಿ ಚುನಾವಣೆಗೆ ನಿಂತವರು ತಾವು ಓಟು ಹಾಕುವಂತಿಲ್ಲ, ಅದಿರಲಿ. ಅವನ ಹೆಂಡತಿಯ ಓಟೂ ಅವನಿಗಿರಲಿಲ್ಲ.

ವಕೀಲ ಗೆದ್ದ. ಸೋತದ್ದಕ್ಕಿಂತ ಹೆಚ್ಚಾಗಿ, ತನ್ನವರೇ ಕೈಬಿಟ್ಟರಲ್ಲ ಎಂಬುದು ಬೇಕರಿಯವನನ್ನು ಸುಟ್ಟಿತು. ಬೆಳಗಾದೊಡನೆ ಭಟ್ಟಿ ಆರಿಸಿದ. ಹಿಟ್ಟಿನ ಮೂಟೆಗಳನ್ನು ಗಾಡಿಗೆ ಹೇರಿದ. ಈ ಊರಿನ ಋಣ ತೀರಿತು ಎಂದು ಹೆಂಡತಿಗೆ ಹೇಳಿದ. ಅವಳು ಸೀರೆ ಉಡದ ದೇಶದವಳು, ಸೆರಗಿಲ್ಲದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅವನ ಕೋಪ ನೆತ್ತಿಗೇರಿತು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಬುಟ್ಟಿ ಹಿಡಿದು ಬ್ರೆಡ್ಡಿಗೆ ಬಂದಳು.

'ನಿನಗೆ ನಾನೇನು ಅನ್ಯಾಯ ಮಾಡಿದ್ದೆ, ಅಜ್ಜಿ?' ಎಂದು ಅವನು ಕೇಳಿದ.

'ಅನ್ಯಾಯವೇ? ಹಿಮದಲ್ಲಿ ನನ್ನ ಬಾಗಿಲು ಹೂತುಹೋದಾಗ ತೋಡಿ ತೆಗೆದವನು ನೀನು. ನಮ್ಮ ಯಜಮಾನರು ಹೋದಾಗ ಹೆಗಲು ಕೊಟ್ಟವನು ನೀನು. ಅಂಥವನನ್ನು ಏಳು ವರ್ಷ ಬೆಟ್ಟದಾಚೆ ಕಳಿಸೋಕೆ ನಮಗೇನು ತಲೆ ಕೆಟ್ಟಿದೆಯೇನೋ, ಮಗಾ?'

ವಕೀಲನ ಊರಿನ ಸುದ್ದಿಯನ್ನೂ ಅವಳೇ ಹೇಳಿದಳು. ಅಲ್ಲಿ ಇವತ್ತು ಮನೆಮನೆಯಲ್ಲೂ ಹಬ್ಬದಡುಗೆಯಂತೆ. ಅವನ ಸಾಮಾನು ಹೊರಲು ಜನ ನಾ ಮುಂದು ತಾ ಮುಂದು ಎಂದು ಬಂದಿದ್ದಾರಂತೆ, ಬೆಟ್ಟ ದಾಟಿಸಿಯೇ ಹಿಂದಿರುಗುವುದಂತೆ.

ಬೇಕರಿಯವನು ಒಂದೊಂದಾಗಿ ಮೂಟೆ ಇಳಿಸಿದ. ಭಟ್ಟಿಗೆ ಬೆಂಕಿ ಹಾಕಿದ."

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಪಾಪ, ಊರವರು ಯಾಕೆ ಓಟು ಹಾಕಿದರೆಂದು ಆ ವಕೀಲನಿಗೆ ಕೊನೆಗೂ ತಿಳಿಯಲಿಲ್ಲವೇ?" ಎಂದ.

"ತಿಳಿಸುವವರು ಅವನಿಗೆ ಯಾರೂ ಇರಲಿಲ್ಲಪ್ಪ, ನಿನಗಾದರೆ, ನಿನ್ನೆ ಎಲ್ಲರಿಗಿಂತ ಮೊದಲು ಕೈ ಎತ್ತಿದ ನಾನಿದ್ದೇನೆ" ಎಂದರು ಗುರುಗಳು.