ಮೇಣ ಒಂದೇ, ಬಟ್ಟಲು ಎರಡು

ಹೊನ್ನಗುಡ್ಡ ಅಂತ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ವಿಕ್ರಾಂತಮಲ್ಲ. ಯುದ್ಧಕ್ಕೆ ಹೋದವನಲ್ಲ, ಕೆರೆ ಕಟ್ಟಿಸಿದವನೂ ಅಲ್ಲ. ಆದರೆ ಚದುರಂಗದಲ್ಲಿ ಅವನನ್ನು ಸೋಲಿಸಿದವರು ಯಾರೂ ಇರಲಿಲ್ಲ. ಹೇಗೆ ಗೆಲ್ಲುತ್ತಿದ್ದ ಅಂತೀರಾ? ಬಹಳ ಸುಲಭ. ಅವನು ಆಡುತ್ತಲೇ ಇರಲಿಲ್ಲ.

ಆ ರಾಜ್ಯದಲ್ಲಿ ಒಂದು ಕಟ್ಟಳೆ. ಅಹವಾಲು ಇದ್ದವರು ರಾಜನೊಡನೆ ಚದುರಂಗ ಆಡಬೇಕು. ಗೆದ್ದರೆ ಕೇಳಿದ್ದು ಸಿಕ್ಕಿತು. ಸೋತರೆ ಬಾಯಿ ಮುಚ್ಚಿಕೊಂಡು ಮನೆಗೆ. ಆಟ ಮುಗಿಯುವ ಮುಂಚೆ ಚಾಪೆ ಬಿಟ್ಟು ಎದ್ದವರು ಸೋತಂತೆ. ನಿದ್ದೆ ಹೋದವರೂ ಸೋತಂತೆ. ಇವು ಪ್ರಜೆಗಳಿಗೆ ಇದ್ದ ನಿಯಮ. ರಾಜನಿಗೆ ಇವು ಯಾವುವೂ ಇಲ್ಲ, ಯಾಕೆಂದರೆ ಅವನು ರಾಜ.

ಮೊದಲು ಒಬ್ಬ ಜಟ್ಟಿ ಬಂದ. ಒಂದು ಕಾಲಾಳನ್ನು ಮುಂದೆ ತಳ್ಳಿ ಕಾದ. ರಾಜ ಮೀಸೆ ತಿರುವುತ್ತ ಯೋಚಿಸಿದ. ಯೋಚಿಸುತ್ತ ಯೋಚಿಸುತ್ತ ಊಟಕ್ಕೆ ಎದ್ದುಹೋದ. ಒಳಗಿನಿಂದ ಹೋಳಿಗೆಯ ಘಮ ಬಂತು. ಜಟ್ಟಿ ಒಂದು ದಿನ ತಡೆದ. ಹೊಟ್ಟೆ ತಡೆಯಲಿಲ್ಲ, ಎದ್ದ. “ಗೆದ್ದೆ!” ಎಂದ ರಾಜ.

ಆಮೇಲೆ ಒಬ್ಬ ಪಂಡಿತ ಬಂದ. ರಾಜ ಯೋಚಿಸುತ್ತ ಯೋಚಿಸುತ್ತ ಬೇಟೆಗೆ ಹೋದ. ಪಂಡಿತ ಎರಡು ದಿನ ಕೂತ. ಸ್ನಾನವಿಲ್ಲದ ತನ್ನ ಮೈ ತನಗೇ ಸಹಿಸದೆ ಎದ್ದ. “ಗೆದ್ದೆ!” ಎಂದ ರಾಜ.

ಮೂರನೆಯವನು ಅಕ್ಕಸಾಲಿ. ಕೂತಲ್ಲೇ ಕೂರುವುದು ಅವನ ಕಸುಬು. ರಾಜ ಯೋಚಿಸುತ್ತ ಯೋಚಿಸುತ್ತ ಮಾವನ ಮನೆಗೆ ಹೋದ. ಮೂರು ದಿನ ಬಿಟ್ಟು ಬಂದರೆ ಅಕ್ಕಸಾಲಿ ಮಣೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. “ಗೆದ್ದೆ!” ಎಂದ ರಾಜ. ಹೊಗಳುಭಟರು ಪ್ರತಿ ಗೆಲುವಿಗೂ ಒಂದೊಂದು ಬಿರುದು ಕಟ್ಟಿದರು. ಬಿರುದುಗಳ ಪಟ್ಟಿ ರಾಜನ ಪಂಚೆಗಿಂತ ಉದ್ದವಾಯಿತು.

ಅರಮನೆಯ ಬಾಗಿಲಲ್ಲಿ ಹೊತ್ತು ಅಳೆಯುವ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ತುಂಬಿ ಮುಳುಗುತ್ತದೆ. ಮುಳುಗಿತೆಂದರೆ ಒಂದು ಗಳಿಗೆ ಆಯಿತು. ಬಟ್ಟಲನ್ನು ಕಾಯುವವಳು ಕೆಂಚವ್ವ. ಅದು ಮುಳುಗಿದಾಗ ಜಾಗಟೆ ಹೊಡೆಯುವವನು ಅವಳ ಗಂಡ ದ್ಯಾವಣ್ಣ.

ಒಂದು ದಿನ ರಾಜ ಚದುರಂಗದ ಮುಂದೆ ಕಣ್ಣು ಮುಚ್ಚಿ ಯೋಚಿಸುತ್ತಿದ್ದ. ಜಾಗಟೆಯ ಸದ್ದಿಗೆ ಯೋಚನೆಯಿಂದ ಎಚ್ಚರವಾಯಿತು.

“ಯಾರನ್ನು ಕೇಳಿ ಹೊಡೆದೆಯೋ?”

“ಬಟ್ಟಲು ಮುಳುಗಿತು ಬುದ್ಧಿ,” ಎಂದ ದ್ಯಾವಣ್ಣ.

“ನನ್ನನ್ನು ಕೇಳದೆ ಮುಳುಗಿತೋ?”

“ಅದು ಯಾರನ್ನೂ ಕೇಳೋದಿಲ್ಲ ಬುದ್ಧಿ.”

ಸಭೆಯಲ್ಲಿ ಯಾರೋ ನಕ್ಕರು. ಅಷ್ಟು ಸಾಕಾಯಿತು. ದ್ಯಾವಣ್ಣನನ್ನು ಸೆರೆಮನೆಗೆ ಹಾಕಿದರು. ಹುಣ್ಣಿಮೆಯ ದಿನ ಅವನ ಬಲಗೈ ಕಡಿಯಬೇಕೆಂದು ಅಪ್ಪಣೆಯಾಯಿತು.

ಹುಣ್ಣಿಮೆಗೆ ಇನ್ನು ಒಂದೇ ದಿನ ಇತ್ತು. ಕೆಂಚವ್ವ ಸಭೆಗೆ ಬಂದಳು.

“ಗಂಡನ ಕೈ ಉಳಿಸಿಕೊಡಿ ಬುದ್ಧಿ. ಅವನನ್ನು ಬಿಟ್ಟುಬಿಡಿ.”

“ಚದುರಂಗ ಬರುತ್ತದೇನಮ್ಮ?”

“ಬಟ್ಟಲು ಮುಳುಗೋತನಕ ಬಾಗಿಲಲ್ಲಿ ಬೇರೆ ಕೆಲಸ ಏನಿದೆ? ಕಲ್ಲಿನ ಮೇಲೆ ಮನೆ ಬರೆದು ನಾವಿಬ್ಬರೂ ಆಡ್ತೀವಿ. ಆದರೆ ಬುದ್ಧಿ, ಹೊತ್ತಿಗೊಂದು ಅಳತೆ ಇಟ್ಟುಕೊಂಡು ಆಡೋಣ. ತಮಗೆ ಮೂರು ಗಳಿಗೆ, ನನಗೆ ಒಂದು.”

“ನನಗೆ ಮೂರೋ?”

“ದೊಡ್ಡವರಲ್ಲವೇ. ಯೋಚನೆಯೂ ದೊಡ್ಡದು.”

ರಾಜನಿಗೆ ಖುಷಿಯಾಯಿತು. ಕೆಂಚವ್ವ ಒಂದು ಕೊಪ್ಪರಿಗೆ ನೀರಿನಲ್ಲಿ ಎರಡು ಬಟ್ಟಲು ತೇಲಿಬಿಟ್ಟಳು. ಒಂದು ರಾಜನದು, ಒಂದು ತನ್ನದು. ಗೋಲಿಯಷ್ಟು ಜೇನುಮೇಣ ತೋರಿಸಿದಳು.

“ಮೇಣ ಇರೋದು ಇದೊಂದೇ. ಇದನ್ನು ಯಾರ ಬಟ್ಟಲಿನ ತೂತಿಗೆ ಒತ್ತುತ್ತೇವೋ ಆ ಬಟ್ಟಲು ತುಂಬೋದು ನಿಲ್ಲುತ್ತದೆ, ಇನ್ನೊಂದು ತುಂಬುತ್ತದೆ. ಕಾಯಿ ನಡೆಸಿದವರು ಎದುರಿನವರ ಬಟ್ಟಲಿಂದ ಮೇಣ ಕಿತ್ತು ತಮ್ಮದಕ್ಕೆ ಒತ್ತಬೇಕು. ಒತ್ತೋತನಕ ಹೊತ್ತು ತಮ್ಮ ಲೆಕ್ಕದ್ದೇ. ಯಾರ ಗಳಿಗೆ ಮೊದಲು ಮುಗಿಯುತ್ತದೋ ಅವರು ಸೋತ ಹಾಗೆ. ಮಣೆಯ ಮೇಲೆ ಏನೇ ಇರಲಿ.”

“ಒಪ್ಪಿದೆ,” ಎಂದ ರಾಜ. “ಹೊತ್ತು ನಮ್ಮ ಅರಮನೆಯ ಆಳು. ನಾವೇನು ಅದಕ್ಕೆ ಹೆದರುತ್ತೇವೆಯೇ?”

ಕೆಂಚವ್ವ ಕಾಲಾಳು ತಳ್ಳಿದಳು. ಮೇಣ ಒತ್ತಿದಳು. ರಾಜನ ಬಟ್ಟಲಿಗೆ ನೀರು ಏರತೊಡಗಿತು.

ರಾಜ ಅಭ್ಯಾಸದಂತೆ ಯೋಚಿಸಿದ. ಹಾಲು ತರಿಸಿ ಕುಡಿದ. ತಾಂಬೂಲ ತರಿಸಿ ಮೆದ್ದ. ಬೆನ್ನು ಒತ್ತಿಸಿಕೊಂಡ. ಆಮೇಲೆ ತಾನೂ ಒಂದು ಕಾಲಾಳು ತಳ್ಳಲು ಕೈ ಚಾಚಿದ. ಬುಳುಕ್! ಬಟ್ಟಲು ಮುಳುಗಿತು.

“ಇನ್ನೂ ಎರಡಿವೆ,” ಎಂದು ನಕ್ಕ.

ಬಟ್ಟಲನ್ನು ಎತ್ತಿ, ಬರಿದು ಮಾಡಿ, ಮತ್ತೆ ತೇಲಿಬಿಟ್ಟರು. ರಾಜ ಕಾಲಾಳು ತಳ್ಳಿದ. ಈಗ ಮೇಣ ಒತ್ತಬೇಕು. ಆದರೆ ಆ ಅರಮನೆಯಲ್ಲಿ ರಾಜ ತನ್ನ ಕೈಯಾರೆ ಏನನ್ನೂ ಮುಟ್ಟುವ ಪದ್ಧತಿಯಿರಲಿಲ್ಲ. ಚದುರಂಗದ ಕಾಯಿಯೊಂದಕ್ಕೆ ವಿನಾಯಿತಿ. ಮೇಣದ ವಿಷಯ ಯಾವ ಕಡತದಲ್ಲೂ ಇಲ್ಲ.

“ನೀರಿನ ಕೆಲಸ, ಅದು ನನಗೆ ಸೇರಿದ್ದು,” ಎಂದ ಗಿಂಡಿ ಹಿಡಿಯುವವನು.

“ಮೇಣ ಅಂದಮೇಲೆ ದೀಪದ ಸಾಮಾನು, ನನ್ನದು,” ಎಂದ ದೀವಟಿಗೆಯವನು.

“ರಾಜರ ಬಲಗಡೆ ನಿಲ್ಲುವ ಹಕ್ಕು ನಮ್ಮ ತಾತನ ಕಾಲದಿಂದ ನಮಗಿದೆ. ಹಿಂದೆ ಸರೀರಯ್ಯ!” ಎಂದ ಚಾಮರದವನು.

ಮೂವರೂ ಒಬ್ಬರ ಕೈ ಒಬ್ಬರು ಹಿಡಿದರು. ಮಂತ್ರಿ ಹಳೆಯ ಕಡತ ತರಿಸಿ ಓದತೊಡಗಿದ. ಬುಳುಕ್!

ಬಟ್ಟಲನ್ನು ಮೂರನೆಯ ಸಲ ತೇಲಿಬಿಟ್ಟರು. ಈಗ ರಾಜನಿಗೆ ಬೆವರು ಬಂತು. “ಎಲ್ಲರೂ ಆಚೆ ಸರೀರೋ!” ಎಂದು ತಾನೇ ಕೊಪ್ಪರಿಗೆಗೆ ಕೈ ಹಾಕಿ, ತನ್ನ ಹೆಬ್ಬೆರಳಿನಿಂದಲೇ ಮೇಣ ಒತ್ತಿದ. “ಆಹಾ, ಎಂಥ ಹೆಬ್ಬೆರಳು!” ಎಂದರು ಹೊಗಳುಭಟರು.

ಇಲ್ಲೊಂದು ಮಾತು ಹೇಳಬೇಕು. ರಾಜನಿಗೆ ಆಟ ಬರುತ್ತಿತ್ತು. ಬೇಗಬೇಗ ಆಡಿದಾಗ ಚೆನ್ನಾಗಿಯೇ ಆಡಿದ. ಕೆಂಚವ್ವನ ಒಂಟೆ ಹೋಯಿತು, ಕುದುರೆ ಹೋಯಿತು. ಅವಳ ಬಟ್ಟಲೂ ಮುಕ್ಕಾಲು ತುಂಬಿತು. ಆದರೂ ಅವಳು ಪ್ರತಿ ನಡೆಗೂ ಮೇಣ ಒತ್ತುವುದನ್ನು ಮರೆಯಲಿಲ್ಲ. ಕೊನೆಗೆ ರಾಜ ಅವಳ ಮಂತ್ರಿ ಕಾಯಿಯನ್ನೇ ಹೊಡೆದ. ಇನ್ನೊಂದು ನಡೆಗೆ ಅವಳ ಆಟ ಮುಗಿಯುತ್ತಿತ್ತು. ದ್ಯಾವಣ್ಣನ ಕೈಯೂ.

ಮಂತ್ರಿ ಬಿದ್ದದ್ದನ್ನು ಕಂಡ ಹೊಗಳುಭಟರಿಗೆ ತಡೆಯಲಾಗಲಿಲ್ಲ. “ಚತುರಂಗ ಚಕ್ರೇಶ್ವರ! ಜಟ್ಟಿಗರ್ವಭಂಜನ! ಪಂಡಿತಕುಲಭಯಂಕರ! ಅಕ್ಕಸಾಲಿಮದಮರ್ದನ!” ಎಂದು ಶುರು ಮಾಡಿದರು. ಮೇಣದ ಕಡೆ ಹೊರಟಿದ್ದ ರಾಜನ ಕೈ ಗಾಳಿಯಲ್ಲೇ ನಿಂತಿತು. ಬಿರುದು ಕೇಳುವಾಗ ಕಣ್ಣು ಮುಚ್ಚುವುದು ಅವನ ಅಭ್ಯಾಸ. ಬಿರುದು ಹೇಳುವಾಗ ನಡುವೆ ಬಾಯಿ ಹಾಕಬಾರದೆಂಬುದು ಸಭೆಯ ಶಿಸ್ತು. ಬಟ್ಟಲಿನ ಅಂಚಿಗೆ ನೀರು ಬಂದದ್ದು ಎಲ್ಲರಿಗೂ ಕಂಡಿತು. ಯಾರೂ ಉಸಿರೆತ್ತಲಿಲ್ಲ.

ಬುಳುಕ್!

ರಾಜ ಕಣ್ಣು ಬಿಟ್ಟ. “ಮಣೆ ನೋಡು! ಗೆಲ್ಲುತ್ತಿರುವವನು ನಾನು!”

“ಮಣೆ ತಮ್ಮದೇ ಬುದ್ಧಿ. ಹೊತ್ತು ಮುಗಿಯಿತು,” ಎಂದಳು ಕೆಂಚವ್ವ.

“ಬಿರುದು ಕೇಳಿದ ಹೊತ್ತು ಲೆಕ್ಕಕ್ಕಿಲ್ಲ!”

“ಬಟ್ಟಲಿಗೆ ಕಿವಿಯಿಲ್ಲ ಬುದ್ಧಿ. ಬಿರುದು ಯಾವುದು, ಬೈಗುಳ ಯಾವುದು, ಅದಕ್ಕೇನು ಗೊತ್ತು?”

“ನಿನ್ನ ಬಟ್ಟಲೇ ಮೋಸ! ನನ್ನದರ ತೂತು ದೊಡ್ಡದು!”

ಕೆಂಚವ್ವ ಮುಳುಗಿದ ಬಟ್ಟಲನ್ನು ಎತ್ತಿ ಅರಮನೆಯ ಪುರೋಹಿತರ ಮುಂದೆ ಹಿಡಿದಳು. “ಸ್ವಾಮಿ, ಇದರ ಗುರುತಿದೆಯೇ?”

“ಇದೆಯಮ್ಮ. ಮಹಾಪ್ರಭುಗಳ ಪಟ್ಟಾಭಿಷೇಕದ ಮುಹೂರ್ತವನ್ನು ಈ ಬಟ್ಟಲಿನಲ್ಲೇ ಅಳೆದದ್ದು.”

“ಹಾಗಾದರೆ ಬುದ್ಧಿ,” ಎಂದಳು ಕೆಂಚವ್ವ, “ಬಟ್ಟಲು ಮೋಸ ಅನ್ನೋದನ್ನ ತಾವೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿಬಿಡಿ.”

ಮೂಲೆಯಲ್ಲಿ ಕೂತಿದ್ದ ರಾಜನ ಚಿಕ್ಕಪ್ಪ ಎಷ್ಟೋ ವರ್ಷಗಳಿಂದ ಸಭೆಯಲ್ಲಿ ಬಾಯಿ ಬಿಟ್ಟವನಲ್ಲ. ಈಗ ನೆಟ್ಟಗೆ ಕೂತ. “ಏನು, ಏನಂದೆ ಮಗು? ನಿನ್ನ ಪಟ್ಟದ ಮುಹೂರ್ತ ತಪ್ಪಿತ್ತೇ?”

ರಾಜ ಚಿಕ್ಕಪ್ಪನ ಮುಖ ನೋಡಿದ. ಸಿಂಹಾಸನ ನೋಡಿದ. ಬಟ್ಟಲು ನೋಡಿದ.

“ಬಟ್ಟಲು ಸರಿಯಾಗಿದೆ,” ಎಂದ. ದನಿ ಅಷ್ಟು ಸಣ್ಣಗೆ ಅವನ ಬಾಯಿಂದ ಎಂದೂ ಬಂದಿರಲಿಲ್ಲ.

ದ್ಯಾವಣ್ಣ ಎರಡು ಕೈಯಲ್ಲೂ ಕಣ್ಣುಜ್ಜಿಕೊಳ್ಳುತ್ತ ಸೆರೆಮನೆಯಿಂದ ಹೊರಬಂದ. ಕೆಂಚವ್ವ ಅವನ ಬಲಗೈ ಹಿಡಿದುಕೊಂಡು ಮನೆಗೆ ನಡೆದಳು. ಮರುದಿನ ಅಹವಾಲು ತಂದವರೆಲ್ಲ ಒಂದೊಂದು ಮೇಣದ ಗೋಲಿ ಹಿಡಿದು ಬಂದದ್ದರಿಂದ ರಾಜನಿಗೆ ಚದುರಂಗದ ಮೇಲೆ ಬೇಸರ ಬಂತು. ಅಹವಾಲುಗಳನ್ನು ಸುಮ್ಮನೆ ಕೂತು ಕೇಳಬೇಕಾಯಿತು. ಹೊಗಳುಭಟರು ಮಾತ್ರ, ಮಹಾಪ್ರಭುಗಳು ಕರುಣೆಯಿಂದ ಬೇಕೆಂದೇ ಬಟ್ಟಲು ಮುಳುಗಿಸಿದರು ಎಂದು ಹೊಸ ಪದ ಕಟ್ಟಿದರು. ರಾಜ ಅದನ್ನು ನಂಬಿದ.

ಇದರ ನೀತಿ ಇಷ್ಟೇ, ಮಕ್ಕಳೇ. ಅಧಿಕಾರ ಇದ್ದವನು ಜನರನ್ನು ಕಾಯಿಸಬಹುದು, ಹೊತ್ತನ್ನು ಕಾಯಿಸಲಾರ. ಕಾಯಿಸುವುದನ್ನೇ ಗೆಲುವು ಎಂದುಕೊಂಡವನ ಹೊತ್ತನ್ನೂ ಒಂದು ದಿನ ಯಾರಾದರೂ ಅಳೆಯುತ್ತಾರೆ. ಆ ದಿನ ಅವನು ಗೆಲ್ಲುವ ಆಟವನ್ನೂ ಸೋಲುತ್ತಾನೆ.